2.87 ಲಕ್ಷ ಕಿ.ಮೀ. ಓಡಿದ ಡೀಸೆಲ್ ಗಾಡಿ, ಒಂದಿನ ಟಿಕ್ ಟಿಕ್ ಅಂತೈತೆ ಮೂರು ದಿನ ಸುಮ್ನಿರುತ್ತೆ, ಏನಿರಬಹುದು?

ಹಳೇಪೇಟೆ_ಹುಡ್ಗ

ನಮಸ್ಕಾರ ಎಲ್ರಿಗೂ. ಸ್ವಲ್ಪ ಉದ್ದ ಆಗುತ್ತೆ, ಬೇಜಾರಾಗ್ಬೇಡಿ, ಅರ್ಧಂಬರ್ಧ ಹೇಳಿದ್ರೆ ಯಾರಿಗೂ ತಲೆಬುಡ ಗೊತ್ತಾಗಲ್ಲ.

ನಂದು 2012ರ ಡೀಸೆಲ್ ಸೆಡಾನ್, ಅದೇ 1248 ಸಿಸಿ ಎಂಜಿನ್, ಮೀಟರ್ 2,87,000 ತೋರಿಸ್ತೈತೆ. ಮೊದಲ ಓನರ್ ಎರಡು ವರ್ಷ ಟ್ಯಾಕ್ಸಿಗೆ ಬಿಟ್ಟಿದ್ರು ಅಂತ ತಗೊಂಡ ಮೇಲೆ ಗೊತ್ತಾಗಿದ್ದು, ಹಂಗಾಗಿ ಆ ಮೀಟರ್ ಎಷ್ಟು ನಿಜ ಅನ್ನೋದು ಆ ಶಿವನಿಗೇ ಗೊತ್ತು. ನಾನು ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಡ್ಯೂಟಿಗೆ ದಿನಾ ಓಡಾಡ್ತೀನಿ, ಹೋಗಿ ಬಂದ್ರೆ 120 ಕಿ.ಮೀ. ಹತ್ತತ್ರ. ಪಿಕಪ್ ಚೆನ್ನಾಗೈತೆ, ಹೊಗೆ ಇಲ್ಲ, ಮೈಲೇಜ್ 19-20 ಬರ್ತೈತೆ.

ಈಗ ಎರಡು ತಿಂಗಳಿಂದ ಎಂಜಿನ್ ಕಡೆಯಿಂದ ಟಿಕ್ ಟಿಕ್ ಟಿಕ್ ಅಂತ ಒಂದು ಸೌಂಡು. ಹೊಲಿಗೆ ಮಷಿನ್ ತುಳಿದಂಗೆ ಕೇಳ್ತೈತೆ. ಬಂದ್ರೆ ಚೆನ್ನಾಗೇ ಬರುತ್ತೆ ಪಕ್ಕದ ಮನೆಯವ್ರು ಗೇಟಿಗೆ ಬಂದು ನೋಡೋವಷ್ಟು, ಆಮೇಲೆ ತಾನಾಗೇ ಹೋಗಿರುತ್ತೆ, ಯಾವಾಗ ಹೋಯ್ತು ಅಂತಲೂ ಗೊತ್ತಾಗಲ್ಲ. ಕೆಲವೊಮ್ಮೆ ಮೂರು ನಾಲ್ಕು ದಿನ ಪತ್ತೆನೇ ಇರಲ್ಲ. ಗ್ಯಾರೇಜಿಗೆ ತಗೊಂಡು ಹೋದ್ರೆ ಬರೋದೇ ಇಲ್ಲ, ಡಾಕ್ಟ್ರ ಮುಂದೆ ಕೂತ್ಕೊಂಡ ತಕ್ಷಣ ಜ್ವರ ಇಳಿಯುತ್ತಲ್ಲ ಹಂಗೆ.

ಮೂರು ಕಡೆ ತೋರಿಸ್ದೆ. ಒಬ್ರು ಕೇಳಿಸ್ಕೊಳ್ಳದೇನೇ "ಎಂಜಿನ್ ಪೂರ್ತಿ ಬಿಚ್ಚಿ ಬೋರ್ ಕೆಲಸ ಬಂದೈತೆ, ಕ್ರ್ಯಾಂಕು ಬೇರಿಂಗು ಎಲ್ಲ ಸೇರಿ ಅರವತ್ತು ಸಾವಿರ ಇಟ್ಕೊಳ್ಳಿ" ಅಂದ್ರು. ಇನ್ನೊಬ್ರು ಟ್ಯಾಪೆಟ್, ಅಂದ್ರೆ ವಾಲ್ವ್ ಗ್ಯಾಪ್ ಹಿಡಿಯೋ ಭಾಗ, ಅಂದ್ರು. ಮೂರನೇವ್ರು ದಪ್ಪ ಆಯಿಲ್ ಹಾಕ್ಸಿಬಿಡಿ ಸರಿ ಹೋಗುತ್ತೆ ಅಂದ್ರು. ಮಗಳ ಕಾಲೇಜ್ ಫೀಸ್ ಕಟ್ಟಿ ಕೈ ಖಾಲಿ ಐತೆ, ಅರವತ್ತು ಸಾವಿರ ಅಂದ್ರೆ ಗಾಡಿಗೆ ಉಳಿದಿರೋ ರೇಟಲ್ಲಿ ಕಾಲು ಭಾಗ. ಎಂಜಿನ್ ಇಳಿಸೋಕೆ ಮುಂಚೆ ನಾನೇ ಏನಾದ್ರೂ ನೋಡಬಹುದಾ? ತಿಳಿದವ್ರು ಹೇಳಿ.

ಮಿರ್ಚಿ_ಮಂಡಕ್ಕಿ

ಮೊದಲು ಟೈರ್ ನೋಡಪ್ಪ 😄 ತಮಾಷೆ ಅಲ್ಲ. ನಮ್ಮ ಮಾವನ ಗಾಡಿ ಹಿಂಗೇ ಟಿಕ್ ಟಿಕ್ ಅಂತಿತ್ತು, ಎರಡು ಗ್ಯಾರೇಜ್ ತಿರುಗಿಸಿ ವ್ಹೀಲ್ ಬೇರಿಂಗ್ ಬದಲಾಯಿಸಿ ಕೊನೆಗೆ ನೋಡಿದ್ರೆ ಸರ್ವಿಸ್ ರೋಡ್ ಜಲ್ಲಿ ಒಂದು ಟೈರ್ ಗೀರಿನೊಳಗೆ ಸಿಕ್ಕಾಕ್ಕೊಂಡಿತ್ತು. ಗಾಡಿ ನಿಂತಾಗಲೂ ಸೌಂಡ್ ಬರುತ್ತಾ ಅಂತ ನೋಡು, ಬಂದ್ರೆ ಮಾತ್ರ ಎಂಜಿನ್.

ಹಳೇಪೇಟೆ_ಹುಡ್ಗ

ನಿಂತಾಗಲೂ ಬರ್ತೈತೆ ಗುರು. ಟೈರ್ ಅಲ್ಲ.

ದುರ್ಗದ_ಪಾನಾ

ಅಣ್ಣ, ಇಪ್ಪತ್ತಾರು ವರ್ಷ ಆಯ್ತು ನಾನು ಪಾನಾ ಹಿಡಿದು, ಮೊದಲು ಲಾರಿ ಕೆಲಸ ಈಗ ಕಾರು. ಅರವತ್ತು ಸಾವಿರ ಅಂತ ಕೇಳಿಸ್ಕೊಳ್ಳದೇ ಹೇಳಿದವ್ರ ಕಡೆ ತಿರುಗಿ ನೋಡ್ಬೇಡಿ. ಟಿಕ್ ಅನ್ನೋದು ಒಂದು ರೋಗ ಅಲ್ಲ, ಹತ್ತು ಹದಿನೈದು ರೋಗಕ್ಕೆ ಅದೊಂದೇ ದನಿ. ಅದು ಯಾವಾಗ ಬರುತ್ತೆ ಅಂತ ಗೊತ್ತಾಗೋವರೆಗೂ ಒಂದು ಬೋಲ್ಟೂ ಬಿಚ್ಚಿಸ್ಬೇಡಿ. ಎಲ್ಲಿಂದ ಬರುತ್ತೆ ಅನ್ನೋದು ಆಮೇಲೆ, ಯಾಕಂದ್ರೆ ಎಂಜಿನ್ ಅಂದ್ರೆ ಒಂದೇ ಲೋಹದ ಗಡ್ಡೆ, ಹಿಂದೆ ಹೊಡೆದಿದ್ದು ಮುಂದೆ ಕೇಳುತ್ತೆ.

ಎಲ್ಲಕ್ಕಿಂತ ಮೊದಲು ಎರಡು ನೋಡಿ. ಗಾಡಿ ಸಮತಟ್ಟು ಜಾಗದಲ್ಲಿ ನಿಲ್ಲಿಸಿ ಆಫ್ ಮಾಡಿ ಹತ್ತು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ತೆಗೆದು ಆಯಿಲ್ ಎಷ್ಟೈತೆ ನೋಡಿ. ಕಮ್ಮಿ ಇದ್ರೂ ಟಿಕ್ ಬರುತ್ತೆ, ಜಾಸ್ತಿ ಇದ್ರೂ ಬರುತ್ತೆ, ಜಾಸ್ತಿ ಆದ್ರೆ ಕೆಳಗೆ ತಿರುಗೋ ಕ್ರ್ಯಾಂಕು ಶಾಫ್ಟು ಅದನ್ನ ಕಡೆದು ನೊರೆ ಮಾಡುತ್ತೆ, ಆ ಗಾಳಿ ಟ್ಯಾಪೆಟ್ ಒಳಗೆ ಹೋದ್ರೆ ಅದು ಮೆತ್ತಗಾಗಿ ಹೊಡ್ಕೊಳ್ಳುತ್ತೆ. ಎರಡನೇದು ಡ್ಯಾಶ್‌ಬೋರ್ಡಲ್ಲಿ ಆ ಕೆಂಪು ಆಯಿಲ್ ಲೈಟು. ಗಾಡಿ ಬಿಸಿಯಾಗಿ ಹೆಬ್ಬಾಳು ಟೋಲಲ್ಲಿ ಎಕ್ಸಲೇಟರ್ ಒತ್ತದೆ ಸ್ಲೋನಲ್ಲಿ ನಿಂತಾಗ ಅದು ಮಿಣುಕಿದ್ರೂ ಸಾಕು, ಅಲ್ಲೇ ಆಫ್ ಮಾಡಿ ಟೋ ಮಾಡಿಸ್ಕೊಂಡು ಹೋಗಿ. ಆಗ ಈ ಕೆಳಗಿಂದು ಯಾವುದೂ ಬೇಡ, ಮೊದಲು ಆಯಿಲ್ ಪ್ರೆಶರ್ ಗೇಜ್ ಹಾಕಿಸಿ ಅಳೀಬೇಕು.

ಲೈಟ್ ಇಲ್ಲ ಆಯಿಲ್ ಸರಿ ಐತೆ ಅಂದ್ರೆ ಒಂದು ವಾರ ಒಂದು ಚೀಟಿ ಇಟ್ಕೊಂಡು ಬರೀರಿ. ತಣ್ಣಗಿದ್ದಾಗ ಬಂದು ಬಿಸಿಯಾದ ಮೇಲೆ ಹೋಗುತ್ತಾ, ಇಲ್ಲ ತಣ್ಣಗಿದ್ದಾಗ ಸುಮ್ನಿದ್ದು ಬಿಸಿಯಾದ ಮೇಲೆ ಬರುತ್ತಾ? ಇದೊಂದೇ ಅರ್ಧ ಉತ್ತರ. ಬಿಸಿಯಾದ ಮೇಲೆ ಬಂದ್ರೆ ಆಯಿಲ್ ತೆಳ್ಳಗಾಗಿ ಪ್ರೆಶರ್ ಸಾಲ್ತಿಲ್ಲ, ಬೇರಿಂಗ್ ಸವೆದಿರಬಹುದು, ಆಗ ನನಗೂ ಭಯ. ತಣ್ಣಗಿದ್ದಾಗ ಬಂದು ಹೋದ್ರೆ ಅರ್ಧ ಸಮಾಧಾನ, ರಾತ್ರಿಯೆಲ್ಲ ನಿಂತು ಹೈಡ್ರಾಲಿಕ್ ಟ್ಯಾಪೆಟ್ಟಿಂದ ಆಯಿಲ್ ಇಳಿದಿರುತ್ತೆ, ಇಲ್ಲ ಎಲ್ಲೋ ಗಾಳಿ ಲೀಕು, ಲೋಹ ಬಿಸಿಯಾಗಿ ಹಿಗ್ಗಿದ ಮೇಲೆ ಆ ಸಂದು ಮುಚ್ಕೊಳ್ಳುತ್ತೆ. ಎಸಿ ಹಾಕಿದಾಗ ಬದಲಾಗುತ್ತಾ, ಕ್ಲಚ್ ತುಳಿದ್ರೆ ಬದಲಾಗುತ್ತಾ, ಏರಲ್ಲಿ ಎಕ್ಸಲೇಟರ್ ಕೊಟ್ಟಾಗ ಜಾಸ್ತಿ ಆಗುತ್ತಾ, ಇದನ್ನೂ ಬರೀರಿ.

ಇನ್ನೊಂದು ಕೆಲಸ ಪುಕ್ಕಟೆ ಆಗೋದು, ಎಣಿಸೋದು. ನಿಮ್ಮ ಎಂಜಿನ್ ಸ್ಲೋನಲ್ಲಿ ಸುಮಾರು 850 ಆರ್‌ಪಿಎಂ ತಿರುಗುತ್ತೆ ಅಂತ ಇಟ್ಕೊಳ್ಳಿ, ಅಂದ್ರೆ ಸೆಕೆಂಡಿಗೆ ಕ್ರ್ಯಾಂಕು 14 ಸುತ್ತು. ವಾಲ್ವ್ ತೆರೆಯೋ ಕ್ಯಾಮ್ ಅದರ ಅರ್ಧ, 7 ಸುತ್ತು. ಮೊಬೈಲಲ್ಲಿ ಸೌಂಡ್ ರೆಕಾರ್ಡ್ ಮಾಡಿ ಸ್ಪೀಡ್ ಕಾಲು ಭಾಗಕ್ಕೆ ಇಳಿಸಿ ಎಣಿಸಿ. ಅಸಲಿ ಸೆಕೆಂಡಿಗೆ (ನಿಧಾನ ಮಾಡಿದ್ರಲ್ಲಿ ನಾಲ್ಕು ಸೆಕೆಂಡಿಗೆ) 7 ಬಂದ್ರೆ ಅದು ಒಂದೇ ಸಿಲಿಂಡರಿನ ವಾಲ್ವು, ಟ್ಯಾಪೆಟ್ಟು, ಡೀಸೆಲ್ ಚಿಮ್ಮಿಸೋ ನಾಜಲ್ಲು (ಇಂಜೆಕ್ಟರ್), ಹೊಗೆ ಹೊರಗೆ ಹೋಗೋ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಈ ಕಡೆದು. 14 ಬಂದ್ರೆ ಕ್ರ್ಯಾಂಕಿಗೆ ಅಂಟಿಕೊಂಡಿರೋದು, ಕೆಳಗಿನ ಕೆಲಸ. ಲೆಕ್ಕಕ್ಕೇ ಸಿಗದಂಗೆ ಬಂದ್ರೆ ಬೆಲ್ಟ್ ಕಡೆ ಪುಲ್ಲಿ, ಆಲ್ಟರ್ನೇಟರ್ ನೋಡಿ, ಇಲ್ಲ ಹೀಟ್ ಶೀಲ್ಡ್ ತಗಡು ಅಲ್ಲಾಡ್ತಿರುತ್ತೆ.

ಹಿರಿಯೂರ್_ಎಕ್ಸ್‌ಪ್ರೆಸ್

ಇಷ್ಟೆಲ್ಲ ಪರೀಕ್ಷೆ ಬರೆಸೋ ಬದ್ಲು 20W-50 ದಪ್ಪ ಆಯಿಲ್ ಹಾಕ್ಸಿ ನೆಮ್ಮದಿಯಾಗಿರಿ. ನಂದು 3.4 ಲಕ್ಷ ಓಡೈತೆ, ಎರಡು ಲಕ್ಷ ದಾಟಿದ ಮೇಲೆ ದಪ್ಪ ಆಯಿಲೇ, ಒಂದು ಸೌಂಡ್ ಇಲ್ಲ. ಹಳೇ ಎಂಜಿನ್ನಿಗೆ ತೆಳ್ಳಗಿನ ಆಯಿಲ್ ಹಾಕೋದು ಅಂದ್ರೆ ತೂತು ಬಿಂದಿಗೆಗೆ ನೀರು ಹಾಕಿದಂಗೆ. ಜೊತೆಗೆ ಒಂದ್ಸಲ ಎಂಜಿನ್ ಒಳಗಿನ ಗಸಿ ತೊಳೆಯೋ ಫ್ಲಶ್ ಮಾಡ್ಸಿ.

ದುರ್ಗದ_ಪಾನಾ

ನಿಮ್ಮ ಗಾಡಿ ಯಾವುದು ಅಂತ ಹೇಳಿಲ್ಲ ನೀವು. ಸ್ಕ್ರೂ ಟ್ಯಾಪೆಟ್ ಇರೋ ಹಳೇ ಜೀಪ್ ಎಂಜಿನ್ ಆದ್ರೆ ನಾನೂ ಬೇಡ ಅನ್ನಲ್ಲ. ಇವ್ರದು ಫಿಯಟ್‌ನವ್ರು ಡಿಸೈನ್ ಮಾಡಿದ ಎಂಜಿನ್, 2020ರಲ್ಲಿ ಬಿಎಸ್6 ಹೊಗೆ ನಿಯಮ ಬರೋವರೆಗೂ ಎಷ್ಟೋ ಕಂಪನಿ ಕಾರಲ್ಲಿ ಇದೇ ಇತ್ತು, ಎರಡು ಕ್ಯಾಮು ಹದಿನಾರು ವಾಲ್ವು, ಟ್ಯಾಪೆಟ್ ಗ್ಯಾಪ್ ಇಡೋಕೆ ಸ್ಕ್ರೂನೇ ಇಲ್ಲ, ಆಯಿಲ್ ಪ್ರೆಶರಲ್ಲೇ ಅದು ತಾನಾಗಿ ಗ್ಯಾಪ್ ಮುಚ್ಕೊಳ್ಳುತ್ತೆ. "ಟ್ಯಾಪೆಟ್ ಟೈಟ್ ಮಾಡಿಕೊಡ್ತೀನಿ" ಅಂತ ಯಾರಾದ್ರೂ ಹೇಳಿದ್ರೆ ಅವ್ರು ಈ ಎಂಜಿನ್ ಬಿಚ್ಚಿಲ್ಲ ಅಂತ ಅರ್ಥ. ಆ ಟ್ಯಾಪೆಟ್ಟಿಗೆ ಆಯಿಲ್ ಹೋಗೋ ಸಣ್ಣ ತೂತಿಗೆ ಬೆಳಗಿನ ಚಳಿಯಲ್ಲಿ 20W-50 ಏರೋಷ್ಟೊತ್ತಿಗೆ ಟ್ಯಾಪೆಟ್ಟೂ ಒಣಗಿರುತ್ತೆ ಟರ್ಬೋ ಬೇರಿಂಗೂ ಒಣಗಿರುತ್ತೆ, ಕ್ಯಾಮ್ ತಿರುಗಿಸೋ ಟೈಮಿಂಗ್ ಚೈನನ್ನ ಬಿಗಿ ಇಡೋ ಟೆನ್ಷನರ್ರೂ ಆಯಿಲ್ ಮೇಲೇ ನಿಂತಿರೋದು. 5W ಅಂತ ಬರೆದಿರೋದು ಸುಮ್ನೆ ಅಲ್ಲ, ಆ ಮೊದಲ ನಂಬರ್ ತಣ್ಣಗಿದ್ದಾಗ ಹೆಂಗೆ ಹರಿಯುತ್ತೆ ಅನ್ನೋದಕ್ಕೆ. ಸವೆದೈತೆ ಅನಿಸಿದ್ರೆ 5W-30 ಬದ್ಲು 5W-40 ಹಾಕಿ, ಸಾಕು.

ಫ್ಲಶ್ ಅಂತೂ ಬೇಡವೇ ಬೇಡ. ಹಿಂದಿನ ಓನರ್ ಎಷ್ಟು ಸಲ ಆಯಿಲ್ ಚೇಂಜ್ ಮಾಡಿಸಿದ್ರೋ ಬಿಟ್ರೋ, ಒಳಗೆ ಕೂತಿರೋ ಗಸಿ ಒಂದೇ ಸಲಕ್ಕೆ ಎದ್ದು ಕೆಳಗೆ ಆಯಿಲ್ ನಿಲ್ಲೋ ಚೇಂಬರಲ್ಲಿರೋ ಜಾಲರಿಗೆ ಅಡ್ಡ ಕೂತ್ರೆ ಆಯಿಲ್ ಮೇಲಕ್ಕೆ ಹೋಗೋದೇ ನಿಲ್ಲುತ್ತೆ. ಆಮೇಲೆ ಆ ಅರವತ್ತು ಸಾವಿರ ನಿಜವಾಗ್ಲೂ ಬೇಕಾಗುತ್ತೆ.

ಹಿರಿಯೂರ್_ಎಕ್ಸ್‌ಪ್ರೆಸ್

ಸರಿ ಬಿಡಿ ಸ್ವಾಮಿ, ನಂದು ಜೀಪೇ. ಫ್ಲಶ್ ವಿಷಯ ನನಗೆ ಗೊತ್ತಿರ್ಲಿಲ್ಲ.

ಹಳೇಪೇಟೆ_ಹುಡ್ಗ

ಪಾನಾ ಅಣ್ಣ, ನೀವು ಹೇಳಿದಂಗೆ ಎಂಟು ದಿನ ಬರೆದೆ. ಮನೆಯಲ್ಲಿ ಇವಳು ಕಾರಿಗೆ ಜಾತಕ ಬರೀತಿದೀರಾ ಅಂತ ನಕ್ಕಳು, ಆದ್ರೆ ಬರೆದ ಮೇಲೆ ನನಗೇ ಆಶ್ಚರ್ಯ ಆಯ್ತು.

ಆಯಿಲ್ ಮಿನಿಮಮ್ ಗೆರೆಗಿಂತ ಸ್ವಲ್ಪ ಕೆಳಗೇ ಇತ್ತು, ಅರ್ಧ ಲೀಟರಿಗಿಂತ ಚೂರು ಜಾಸ್ತಿ ಹಿಡೀತು, ಅದೇ ಗ್ರೇಡ್ ಹಾಕ್ದೆ. ಹಾಕಿದ ಮೇಲೂ ಸೌಂಡ್ ಹೋಗಿಲ್ಲ. ಕೆಂಪು ಲೈಟ್ ಒಂದ್ಸಲಾನೂ ಬಂದಿಲ್ಲ, ಟೋಲಲ್ಲಿ ನಿಂತಾಗಂತೂ ಕಣ್ಣು ಅಲ್ಲೇ ಇಟ್ಟಿದ್ದೆ.

ಸೌಂಡ್ ಬಂದಿದ್ದು ಐದು ದಿನ, ಐದೂ ದಿನ ಬೆಳಿಗ್ಗೆ ಆರೂಕಾಲಿಗೆ ಬಿಟ್ಟಾಗ. ಸ್ಟಾರ್ಟ್ ಮಾಡಿದ ತಕ್ಷಣ ಬಂದು ಆನಗೋಡು ದಾಟೋಷ್ಟೊತ್ತಿಗೆ ಕಮ್ಮಿಯಾಗಿ ಭರಮಸಾಗರದ ಹತ್ರ ಇರೋದೇ ಇಲ್ಲ. ದುರ್ಗದಿಂದ ಸಂಜೆ ವಾಪಸ್ ಬರೋವಾಗ ಒಂದ್ಸಲಾನೂ ಬಂದಿಲ್ಲ, ಅಲ್ಲಿ ಗಾಡಿ ಇಡೀ ದಿನ ಬಿಸಿಲಲ್ಲೇ ಕಾಯ್ತಿರುತ್ತೆ. ಬರದೇ ಇದ್ದ ಮೂರು ದಿನ ಅಂದ್ರೆ ಒಂದು ಭಾನುವಾರ, ಎರಡು ದಿನ ಸೆಕೆಂಡ್ ಶಿಫ್ಟು, ಹತ್ತು ಗಂಟೆ ಮೇಲೆ ಬಿಟ್ಟಿದ್ದೆ. ಗ್ಯಾರೇಜಿಗೆ ಹೋದಾಗ ಯಾಕೆ ಬರ್ತಿರ್ಲಿಲ್ಲ ಅಂತ ಈಗ ಗೊತ್ತಾಯ್ತು, ಅಲ್ಲಿಗೆ ಹೋಗೋಷ್ಟೊತ್ತಿಗೆ ಎಂಜಿನ್ ಬಿಸಿಯಾಗಿರುತ್ತಲ್ಲ!

ಎಸಿ ಹಾಕಿದ್ರೂ ಕ್ಲಚ್ ತುಳಿದ್ರೂ ಅಷ್ಟೇ. ಆದ್ರೆ ಎಕ್ಸಲೇಟರ್ ಒತ್ತಿ ಗಾಡಿ ಎಳೆಯೋವಾಗ ಜಾಸ್ತಿ, ಕಾಲು ತೆಗೆದ್ರೆ ಕಮ್ಮಿ. ರೆಕಾರ್ಡ್ ಮಾಡಿ ನಿಧಾನ ಮಾಡಿ ಎಣಿಸ್ದೆ, ಐದು ಸೆಕೆಂಡಿಗೆ 36 ಬಂತು, ಇನ್ನೊಂದ್ಸಲ 35. ನಿಮ್ಮ ಲೆಕ್ಕದ ಏಳು. ನಿಧಾನ ಮಾಡಿ ಕೇಳಿದ್ರೆ ಅದು ಟಿಕ್ ಅಲ್ಲ, ಚುಕ್ ಚುಕ್ ಅನ್ನೋ ಥರ ಐತೆ, ಕುಕ್ಕರ್ ಸೀಟಿ ಹೊಡೆಯೋಕೆ ಮುಂಚೆ ಉಸಿರು ಬಿಡುತ್ತಲ್ಲ ಹಂಗೆ.

ಇನ್ನೊಂದು, ಇದಕ್ಕೂ ಅದಕ್ಕೂ ಸಂಬಂಧ ಐತೋ ಇಲ್ವೋ, ಬೆಳಿಗ್ಗೆ ಬ್ಲೋಯರ್ ಹಾಕಿದ್ರೆ ಒಳಗೆ ಸುಟ್ಟ ಡೀಸೆಲ್ ವಾಸನೆ ಬರುತ್ತೆ.

ಹರಿಹರ_ಸ್ಪೇರ್ಸ್

ಆ ಕೊನೇ ಸಾಲನ್ನ ಮೊದಲೇ ಬರೀಬೇಕಿತ್ತು ತಮ್ಮ. ವಾಸನೆ ಅಂದ್ರೆ ಗಾಳಿ ಲೀಕು, ಟ್ಯಾಪೆಟ್ ವಾಸನೆ ಬಿಡಲ್ಲ. ನಮ್ಮದು ಸ್ಪೇರ್ ಪಾರ್ಟ್ಸ್ ಅಂಗಡಿ, ನಾನು ಮೆಕ್ಯಾನಿಕ್ ಅಲ್ಲ ಆದ್ರೆ ಕೌಂಟರಲ್ಲಿ ಕೂತು ದಿನಾ ಇದೇ ಕಥೆ ಕೇಳ್ತೀನಿ.

ಒಂದು ಕೇಳ್ತೀನಿ, ಇತ್ತೀಚೆಗೆ ನಾಜಲ್ ಬಿಚ್ಚಿಸಿದ್ರಾ? ಪ್ರತಿ ನಾಜಲ್ ಕೆಳಗೆ ಎಂಜಿನ್ ಮೇಲ್ಭಾಗದ ಹೆಡ್ ಮೇಲೆ ಕೂರೋ ಜಾಗದಲ್ಲಿ ಒಂದು ತಾಮ್ರದ ವಾಷರ್ ಇರುತ್ತೆ. ಒಂದ್ಸಲ ಟೈಟ್ ಮಾಡಿದ ಮೇಲೆ ಅದು ಒತ್ತಿಕೊಂಡು ಆ ಸೀಟಿನ ಆಕಾರಕ್ಕೆ ಕೂತಿರುತ್ತೆ, ಬಿಚ್ಚಿದಾಗ ಹೊಸದೇ ಹಾಕ್ಬೇಕು. ಚಿಲ್ಲರೆ ಕಾಸಿನ ಸಾಮಾನು, ಅದನ್ನೇ ಎಮರಿ ಪೇಪರಲ್ಲಿ ತಿಕ್ಕಿ ವಾಪಸ್ ಹಾಕ್ತಾರೆ. ಸರಿ ಕೂರ್ಲಿಲ್ಲ ಅಂದ್ರೆ ಆ ಸಿಲಿಂಡರ್ ಫೈರ್ ಆದಾಗೆಲ್ಲ ಸಂದಿಯಿಂದ ಗ್ಯಾಸ್ ಚುಸ್ ಅಂತ ಬರುತ್ತೆ, ಎರಡು ಸುತ್ತಿಗೆ ಒಂದ್ಸಲ, ಅದೇ ನಿಮ್ಮ ಏಳು. ಎಂಜಿನ್ ಕವರ್ ಎತ್ತಿ ನಾಜಲ್ ಬುಡದಲ್ಲಿ ಡಾಂಬರ್ ಥರ ಕರಿ ಗಟ್ಟಿ ಏನಾದ್ರೂ ಐತಾ ನೋಡಿ.

ದುರ್ಗದ_ಪಾನಾ

ಅಕ್ಕ ಸರಿಯಾಗಿ ಹೇಳಿದ್ರು. ನನ್ನ ಲೆಕ್ಕದಲ್ಲಿ ಎರಡೇ ಉಳೀತು, ನಾಜಲ್ ವಾಷರ್ ಇಲ್ಲ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಗ್ಯಾಸ್ಕೆಟ್. ಎರಡೂ ತಣ್ಣಗಿದ್ದಾಗ ಕೂಗ್ತವೆ, ಎರಡೂ ಲೋಡಿಗೆ ಜಾಸ್ತಿ ಆಗ್ತವೆ, ಎರಡೂ ವಾಸನೆ ಬಿಡ್ತವೆ. ಬೇರೆ ಮಾಡೋದು ಹೆಂಗೆ ಅಂದ್ರೆ, ಎಲ್ರೂ ಉದ್ದ ಸ್ಕ್ರೂಡ್ರೈವರ್ ಕಿವಿಗೆ ಇಟ್ಕೊಂಡು ಕೇಳ್ತಾರೆ, ಅದು ಲೋಹದ ಸೌಂಡಿಗೆ. ಗಾಳಿ ಲೀಕಿಗೆ ಒಂದು ಮೀಟರ್ ರಬ್ಬರ್ ಪೈಪ್ ತಗೊಳ್ಳಿ, ಒಂದು ತುದಿ ಕಿವಿಗೆ, ಇನ್ನೊಂದು ತುದಿ ಒಂದೊಂದೇ ನಾಜಲ್ ಬುಡದ ಹತ್ರ, ಆಮೇಲೆ ಮ್ಯಾನಿಫೋಲ್ಡ್ ಉದ್ದಕ್ಕೂ ಓಡಾಡಿಸಿ. ಲೀಕ್ ಇರೋ ಕಡೆ ಬಂದ ತಕ್ಷಣ ಕಿವಿಯೊಳಗೇ ಹೊಡೆದಂಗೆ ಕೇಳುತ್ತೆ. ಪೈಪು, ತೋಳು, ಟವೆಲ್ಲು ಬೆಲ್ಟಿಗೆ ಫ್ಯಾನಿಗೆ ಸಿಗದಂಗೆ ನೋಡ್ಕೊಳ್ಳಿ. ಆಮೇಲೆ ಸೋಪಿನ ನೀರು ಎರಡು ಹನಿ ನಾಜಲ್ ಬುಡಕ್ಕೆ ಬಿಡಿ, ಗುಳ್ಳೆ ಎದ್ರೆ ಮುಗೀತು. ಆ ನೀರನ್ನ ಮೇಲಿರೋ ವೈರ್ ಕನೆಕ್ಟರ್ ಮೇಲೆ ಬಿಡ್ಬೇಡಿ, ಬಿಸಿ ಮ್ಯಾನಿಫೋಲ್ಡ್ ಮೇಲೂ ಬಿಡ್ಬೇಡಿ ಸೀಳು ಬಿಡುತ್ತೆ.

ಒಂದು ಮಾತು ಕೈ ಮುಗಿದು ಹೇಳ್ತೀನಿ. ಹಳೇ ಲಾರಿಯಲ್ಲಿ ನಾವು ನಾಜಲ್ ಪೈಪಿನ ನಟ್ ಒಂದೊಂದೇ ಸಡಿಲ ಮಾಡಿ ಯಾವ ಸಿಲಿಂಡರ್ ಅಂತ ನೋಡ್ತಿದ್ವಿ. ನಿಮ್ಮ ಗಾಡಿಯಂಥ ಕಾಮನ್ ರೈಲ್ (ಎಲ್ಲ ನಾಜಲ್ಲಿಗೂ ಒಂದೇ ಹೈ ಪ್ರೆಶರ್ ಪೈಪಿಂದ ಡೀಸೆಲ್) ಎಂಜಿನ್‌ನಲ್ಲಿ ಆ ಕೆಲಸ ಮಾಡ್ಲೇಬೇಡಿ, ಸ್ಲೋನಲ್ಲೇ 200 ಬಾರ್ ಮೇಲಿರುತ್ತೆ, ಎಳೆಯೋವಾಗ ಸಾವಿರ ಬಾರ್ ದಾಟುತ್ತೆ. ಆ ಡೀಸೆಲ್ ಚಿಮ್ಮಿದ್ರೆ ಸೂಜಿ ಚುಚ್ಚಿದಂಗೆ ಚರ್ಮದೊಳಗೆ ಹೋಗುತ್ತೆ, ಹೊರಗೆ ಸಣ್ಣ ಚುಕ್ಕೆ ಅಷ್ಟೇ ಕಾಣೋದು, ಒಳಗೆ ಕೊಳೆಯುತ್ತೆ. ಹಂಗೇನಾದ್ರೂ ಆದ್ರೆ ಸೀದಾ ಆಸ್ಪತ್ರೆಗೆ ಓಡಬೇಕು.

ಹಳೇಪೇಟೆ_ಹುಡ್ಗ

ಅಕ್ಕಾ, ಹೌದು! ಎಂಟು ತಿಂಗಳ ಹಿಂದೆ ನಾಜಲ್ ಕ್ಲೀನಿಂಗ್ ಅಂತ ಒಂದು ಕಡೆ ಬಿಚ್ಚಿಸಿದ್ದೆ. ಬಿಲ್ ಹುಡುಕಿ ನೋಡ್ದೆ, ವಾಷರ್ ಅನ್ನೋ ಪದವೇ ಇಲ್ಲ. ನಾಳೆ ಬೆಳಿಗ್ಗೆ ಪೈಪ್ ಇಟ್ಟು ನೋಡ್ತೀನಿ.

ಹಳೇಪೇಟೆ_ಹುಡ್ಗ

ತಡವಾಯ್ತು, ಹತ್ತು ದಿನ ಆಯ್ತು ಬರೆದು. ಮೂರನೇ ನಾಜಲ್ಲು! ಪೈಪ್ ಹತ್ರ ಹಿಡಿದ ತಕ್ಷಣ ಕಿವಿಗೆ ಯಾರೋ ತಮಟೆ ಹೊಡೆದಂಗಾಯ್ತು, ಮಿಕ್ಕಿದ ಮೂರರ ಹತ್ರ ಏನೂ ಇಲ್ಲ. ಬುಡದಲ್ಲಿ ಅಕ್ಕ ಹೇಳಿದ್ದೇ ಡಾಂಬರು, ಉಗುರಲ್ಲಿ ಕೆರೆದ್ರೆ ಬರ್ಲಿಲ್ಲ. ಸೋಪಿನ ನೀರು ಬಿಟ್ರೆ ಗುಳುಗುಳು.

ಹಿಂದಿನ ರಾತ್ರಿಯೇ ಗಾಡಿ ಗ್ಯಾರೇಜಲ್ಲಿ ಬಿಟ್ಟು ಬೆಳಿಗ್ಗೆ ತಣ್ಣಗಿದ್ದಾಗ ಅವರ ಮುಂದೇನೇ ಸ್ಟಾರ್ಟ್ ಮಾಡಿಸ್ದೆ (ಇದು ನನಗೆ ಹೊಳೆದ ಐಡಿಯಾ, ಇಷ್ಟಕ್ಕಾದ್ರೂ ಹೊಗಳಿ). ಈ ಸಲ ಬೇರೆ ಕಡೆ ಹೋಗಿದ್ದೆ, ಟ್ಯಾಪೆಟ್ ಅಂತ ಹೇಳಿದ್ದವ್ರ ಹತ್ರ ಅಲ್ಲ. ನಾಜಲ್ ಕಚ್ಕೊಂಡಿತ್ತು, ಸಂದಿಗೆ ಎಣ್ಣೆ ಬಿಟ್ಟು ನೆನೆಯಾಕಿ ಅಲ್ಲಾಡಿಸಿ ಅಲ್ಲಾಡಿಸಿ ಎಳೆಯೋಕೆ ಒಂದೂವರೆ ಗಂಟೆ. ಹಳೇ ವಾಷರ್ ಒಂದು ಕಡೆ ಕರ್ರಗೆ ಸುಟ್ಟು ದಾರಿ ಬಿದ್ದಿತ್ತು. ಸೀಟನ್ನ ಕಟ್ಟರ್ ಕೈಯಲ್ಲೇ ತಿರುಗಿಸಿ ಕ್ಲೀನ್ ಮಾಡಿದ್ರು, ಆ ಕಸ ಸಿಲಿಂಡರ್ ಒಳಗೆ ಬೀಳದಂಗೆ ಕಟ್ಟರಿಗೆ ಗ್ರೀಸ್ ಹಚ್ಚಿದ್ರು. ನಾಲ್ಕಕ್ಕೂ ಹೊಸ ವಾಷರ್, ಕ್ಲ್ಯಾಂಪ್ ಬೋಲ್ಟ್ ಹೊಸದು, ಟಾರ್ಕ್ ರೆಂಚ್ ಇಟ್ಟೇ ಟೈಟ್ ಮಾಡಿದ್ರು. ಲೇಬರ್ ಸೇರಿ 2,600 ರೂಪಾಯಿ.

ಸೌಂಡೂ ಹೋಯ್ತು ವಾಸನೆಯೂ ಹೋಯ್ತು. ಆದ್ರೆ ಈಗ ಅದು ಹೋದ ಮೇಲೆ ಇನ್ನೊಂದು ಕೇಳ್ತೈತೆ, ಬೆಳಿಗ್ಗೆ ಸ್ಟಾರ್ಟ್ ಮಾಡಿದ ತಕ್ಷಣ ಎರಡು ಸೆಕೆಂಡ್ ಕಟಕಟ ಅಂದು ಸುಮ್ನಾಗುತ್ತೆ. ಮೊದಲೂ ಇತ್ತೋ ಏನೋ, ಆ ಗಲಾಟೆಯಲ್ಲಿ ಕೇಳಿಸ್ತಿರ್ಲಿಲ್ಲ ಅನ್ಸುತ್ತೆ. ಇದಕ್ಕೂ ಚೀಟಿ ಬರೀಲಾ?

ಹರಿಹರ_ಸ್ಪೇರ್ಸ್

ಒಳ್ಳೇದಾಯ್ತು ತಮ್ಮ. ಇನ್ನೂ ಒಂದು ವರ್ಷ ಬಿಟ್ಟಿದ್ರೆ ನಾಜಲ್ ಹೆಡ್ಡಿಗೆ ಬೆಸುಗೆ ಹಾಕಿದಂಗೆ ಕೂತುಬಿಡ್ತಿತ್ತು, ಆಗ ಎಳೆಯೋಕೆ ಹೋಗಿ ಮುರಿದು ಹೆಡ್ ಇಳಿಸಿದವ್ರನ್ನ ನೋಡಿದೀನಿ. ಆಯಿಲ್ ಫಿಲ್ಟರ್ ಯಾವುದು ಹಾಕಿದ್ರಿ ಕಳೆದ ಸಲ?

ಹಳೇಪೇಟೆ_ಹುಡ್ಗ

ನೂರು ರೂಪಾಯಿ ಚಿಲ್ಲರೆದು ಅಕ್ಕ, ಡಬ್ಬಿ ಮೇಲೆ ಕಂಪನಿ ಹೆಸರು ಸರಿಯಾಗಿ ಓದೋಕೂ ಬರ್ತಿರ್ಲಿಲ್ಲ.

ದುರ್ಗದ_ಪಾನಾ

ಹಂಗಾದ್ರೆ ಅದೇ ಇರಬಹುದು. ಎಂಜಿನ್ ನಿಂತಾಗ ಆಯಿಲ್ ಪೂರ್ತಿ ಚೇಂಬರಿಗೆ ಇಳಿಯದಂಗೆ ತಡೆಯೋ ವಾಲ್ವ್ ಇರುತ್ತೆ, ಕಳಪೆ ಫಿಲ್ಟರ್ ಹಾಕಿದ್ರೆ ಆ ಸೀಲ್ ಸರಿ ಕೂರಲ್ಲ, ಬೆಳಿಗ್ಗೆ ಮೇಲಕ್ಕೆ ಪ್ರೆಶರ್ ಕಟ್ಟೋಕೆ ಒಂದೆರಡು ಸೆಕೆಂಡ್ ಜಾಸ್ತಿ ಬೇಕು. ಮುಂದಿನ ಆಯಿಲ್ ಚೇಂಜಿಗೆ ಒಳ್ಳೇ ಫಿಲ್ಟರ್ ಹಾಕಿ ನೋಡಿ. ಎರಡು ಸೆಕೆಂಡ್ ಇದ್ದಿದ್ದು ಐದಾರು ಸೆಕೆಂಡ್ ಆಗಿ, ಸರಪಳಿ ಎಳೆದಂಗೆ ಕೇಳೋಕೆ ಶುರುವಾದ್ರೆ ಆಗ ಟೈಮಿಂಗ್ ಚೈನ್ ಚೆಕ್ ಮಾಡಿಸಿ, ಅದನ್ನ ಮಾತ್ರ ನಾಳೆ ನಾಡಿದ್ದು ಅಂತ ಮುಂದಕ್ಕೆ ಹಾಕ್ಬೇಡಿ.

ಮಿರ್ಚಿ_ಮಂಡಕ್ಕಿ

ಟೈರ್ ನೋಡಿದ್ಯೋ ಇಲ್ವೋ ಅಷ್ಟು ಹೇಳು.

ಹಳೇಪೇಟೆ_ಹುಡ್ಗ

ನೋಡ್ದೆ ಮಾರಾಯ. ಹಿಂದಿನ ಎಡಗಡೆ ಟೈರಲ್ಲಿ ಎರಡು ಜಲ್ಲಿ.